ಟ್ರಂಕಿನ ಶಾಲು, ಅವರೆಕಾಳು ಮತ್ತು ಜಿ6ಪಿಡಿ

ಮಕ್ಕಳ ಡಾಕ್ಟರ್ ಜೊತೆ ಮಾತುಕತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ಕಿಣ್ವದ ಬಗ್ಗೆ ಇವೆ. ಕಿಣ್ವ ಅಂದರೆ ಜೀವಕೋಶದೊಳಗಿನ ಕೆಲಸಗಳನ್ನು ನಡೆಸಿಕೊಡುವ ಪ್ರೋಟೀನು (ಎಂಜೈಮ್). ಇದರ ಹೆಸರು ಜಿ6ಪಿಡಿ. ಪೂರ್ತಿ ಹೆಸರು ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್. ಈಗ ಎಷ್ಟೋ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ, ನಾಲ್ಕು ಹನಿ ರಕ್ತ ತೆಗೆದು ಇದನ್ನು ಪರೀಕ್ಷೆ ಮಾಡುತ್ತಾರೆ. ರಿಪೋರ್ಟ್ ಕೈಗೆ ಬರುತ್ತದೆ, ವಿವರಣೆ ಬರುವುದಿಲ್ಲ. ಹಾಗಾಗಿ ಈ ಸಂಚಿಕೆ ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನಗೆ ಹೆರಿಗೆಯಾಗಿ 3 ವಾರ ಆಯಿತು. ಗಂಡು ಮಗು. ಎರಡನೇ ದಿನಕ್ಕೇ ಕಾಮಾಲೆ ಬಂತು, 2 ದಿನ ನೀಲಿ ಲೈಟಿನ ಕೆಳಗೆ ಮಲಗಿಸಿದ್ದರು. ಈಗ ಚೆನ್ನಾಗಿದ್ದಾನೆ. ರಿಪೋರ್ಟಿನಲ್ಲಿ ಜಿ6ಪಿಡಿ ಕೊರತೆ ಅಂತ ಬಂದಿದೆ. ಕೊಡಬಾರದ ಮಾತ್ರೆಗಳ ಚೀಟಿ ಕೊಟ್ಟು ಕಳಿಸಿದರು. ‘ಇದು ನಿನ್ನ ತವರಿನಿಂದ ಬಂದ ರೋಗ’ ಅಂತ ಅತ್ತೆ ದಿನಾ ಹೇಳುತ್ತಾರೆ. ನನ್ನ ಮಗ ಜೀವನಪೂರ್ತಿ ರೋಗಿನಾ? (ಓದುಗರು, ದಾವಣಗೆರೆ)

ಉತ್ತರ: ಅಲ್ಲ ತಾಯಿ. ನಿಮ್ಮ ಮಗ ರೋಗಿ ಅಲ್ಲ. ಮೊದಲು ಇಷ್ಟನ್ನು ಮನಸ್ಸಿಗೆ ತಂದುಕೊಳ್ಳಿ, ಆಮೇಲೆ ಮುಂದಕ್ಕೆ ಓದಿ.

ಬದನೆಕಾಯಿ ಹೆಚ್ಚಿ ಹಾಗೇ ಇಟ್ಟರೆ ಕಪ್ಪಾಗುತ್ತದೆ, ಅದಕ್ಕೇ ನೀರಿಗೆ ಹಾಕುತ್ತೇವೆ ಅಲ್ವಾ? ಕಪ್ಪಾಗುವುದಕ್ಕೆ ಕಾರಣ ಗಾಳಿಯಲ್ಲಿರುವ ಆಮ್ಲಜನಕ. ನಮ್ಮ ಕೆಂಪು ರಕ್ತಕಣದ ಕೆಲಸವೇ ಆ ಆಮ್ಲಜನಕವನ್ನು ಹೊತ್ತು ತಿರುಗುವುದು. ಬೆಂಕಿ ಕೆಂಡವನ್ನು ಮಡಿಲಲ್ಲಿ ಕಟ್ಟಿಕೊಂಡು ಓಡಿದ ಹಾಗೆ. ಕಣ ಸುಡಬಾರದು ಅಂದರೆ ಒಳಗೊಂದು ಕಾವಲು ಬೇಕು. ಆ ಕಾವಲಿನ ಹೆಸರು ಗ್ಲುಟಾಥಯಾನ್. ಅದು ಒಂದು ಸಲ ಕೆಲಸ ಮಾಡಿದರೆ ಸೋತು ಹೋಗುತ್ತದೆ, ಮತ್ತೆ ಚಾರ್ಜ್ ಮಾಡಬೇಕು. ಆ ಚಾರ್ಜಿಗೆ ಬೇಕಾದ ಶಕ್ತಿಯನ್ನು ಸಕ್ಕರೆಯಿಂದ ತೆಗೆದುಕೊಡುವ ಕಿಣ್ವವೇ ಜಿ6ಪಿಡಿ. ಇದು ನಮ್ಮ ದೇಹದ ಎಲ್ಲಾ ಜೀವಕೋಶಗಳಲ್ಲೂ ಇದೆ. ಬೇರೆ ಜೀವಕೋಶಗಳಿಗೆ ಇದು ಕಡಿಮೆಯಾದರೆ ಹೊಸದಾಗಿ ಮಾಡಿಕೊಳ್ಳಲು ದಾರಿ ಇದೆ. ಕೆಂಪು ಕಣಕ್ಕೆ ಆ ದಾರಿ ಇಲ್ಲ, ಯಾಕೆಂದರೆ ಕಿಣ್ವ ತಯಾರಿಸುವ ಸೂಚನೆ ಇರುವ ನ್ಯೂಕ್ಲಿಯಸ್ ಅದಕ್ಕೆ ಇಲ್ಲ. ಹುಟ್ಟುವಾಗ ಕಟ್ಟಿಕೊಂಡು ಬಂದ ಬುತ್ತಿಯಲ್ಲೇ ಸುಮಾರು 120 ದಿನ ಬದುಕಬೇಕು.

ನಿಮ್ಮ ಮಗನ ಕಣಗಳಲ್ಲಿ ಆ ಬುತ್ತಿ ಬೇಗ ಮುಗಿಯುತ್ತದೆ. ದಿನನಿತ್ಯದ ಬದುಕಿಗೆ ಇರುವಷ್ಟೇ ಸಾಕು. ಅವನು ಆಡುತ್ತಾನೆ, ಓದುತ್ತಾನೆ, ಎಲ್ಲರ ಹಾಗೆ ಬೆಳೆಯುತ್ತಾನೆ. ಪ್ರಪಂಚದಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕೊರತೆ ಇದೆ, ಹೆಚ್ಚಿನವರಿಗೆ ಅದು ಇದೆ ಅಂತಲೇ ಗೊತ್ತಿಲ್ಲ. ತೊಂದರೆ ಬರುವುದು ಕಣದ ಮೇಲೆ ಒಮ್ಮೆಲೇ ಒತ್ತಡ ಬಿದ್ದಾಗ. ಕೆಲವು ಮಾತ್ರೆ, ಒಂದು ಜಾತಿಯ ಕಾಳು, ಜೋರು ಜ್ವರ ತರುವ ಸೋಂಕು, ನುಸಿ ಗುಳಿಗೆ, ಇವು ಆ ಒತ್ತಡ ತರುತ್ತವೆ. ಆಗ ಕಾವಲು ಸೋಲುತ್ತದೆ. ಒಳಗಿರುವ ಹಿಮೋಗ್ಲೋಬಿನ್ ಹಾಲು ಒಡೆದ ಹಾಗೆ ಗಂಟು ಗಂಟಾಗುತ್ತದೆ. ಈ ಗಂಟುಗಳಿಗೆ ಹೈನ್ಸ್ ಕಾಯಗಳು ಅಂತ ಹೆಸರು. ಕಣ ಗುಲ್ಮದ (ಹೊಟ್ಟೆಯ ಎಡಭಾಗದಲ್ಲಿ ರಕ್ತ ಸೋಸುವ ಅಂಗ) ಮೂಲಕ ಹಾದು ಹೋಗುವಾಗ ಗುಲ್ಮ ಆ ಗಂಟನ್ನು ಕಿತ್ತು ತೆಗೆಯುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆ ಕಣಗಳು ಮಗು ಒಂದು ಕಡೆ ಕಚ್ಚಿ ಇಟ್ಟ ಬಿಸ್ಕತ್ತಿನ ಹಾಗೆ ಕಾಣುತ್ತವೆ. ಒಂದು ಸಲ ನೋಡಿದವರು ಮರೆಯುವುದಿಲ್ಲ.

ಈಗ ಅತ್ತೆಯವರ ಮಾತಿಗೆ ಬರೋಣ. ಈ ಕಿಣ್ವದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡು ಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ಜೀನ್ ನಿಮ್ಮಿಂದ ಬಂದಿದೆ ಅನ್ನುವುದು ನಿಜ. ಆದರೆ ಅದು ದೋಷ ಅನ್ನುವುದು ಸುಳ್ಳು. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ: ಅಮ್ಮಾ, ಈ ಕೊರತೆ ಇರುವ ಜನ ಹೆಚ್ಚಾಗಿ ಸಿಗುವುದು ಹಿಂದೆ ಮಲೇರಿಯಾ ಕಾಡಿದ ಊರುಗಳಲ್ಲೇ. ಇದು ಇದ್ದವರಿಗೆ ಮಲೇರಿಯಾದ ವಿರುದ್ಧ ಸ್ವಲ್ಪ ರಕ್ಷಣೆ ಸಿಗುತ್ತಿತ್ತು ಅಂತ ತಜ್ಞರು ನಂಬುತ್ತಾರೆ. ಚಳಿಜ್ವರಕ್ಕೆ ಊರಿಗೆ ಊರೇ ಖಾಲಿಯಾಗುತ್ತಿದ್ದ ಕಾಲದಲ್ಲಿ ನಿಮ್ಮ ಸೊಸೆಯ ಹಿರಿಯರು ಬದುಕಿ ಉಳಿದಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಮೊಮ್ಮಗನಿಗೆ ಅಮ್ಮನ ಕಣ್ಣು ಬಂದ ಹಾಗೆ ಇದೂ ಬಂದಿದೆ. ಬಾಣಂತಿಗೆ ಈಗ ಬೇಕಾಗಿರುವುದು ನಿದ್ದೆ ಮತ್ತು ಬಿಸಿ ಅನ್ನ.

ನಿಮಗೆ ಒಂದು ಕೆಲಸ ಹೇಳುತ್ತೇನೆ. ಮಗುವಿನ ಕಣ್ಣಿನ ಬಿಳಿ ಭಾಗ ಮತ್ತೆ ಹಳದಿಯಾದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಳಗಿನ ಬಿಸಿಲಿಗೆ ಹಿಡಿದು ಎರಡು ದಿನ ಕಾಯಬೇಡಿ. ಕಣಗಳು ಒಡೆದಾಗ ಹುಟ್ಟುವ ಕಾಮಾಲೆಯ ಹಳದಿ ಅಂಶ ಮಿತಿ ಮೀರಿದರೆ ಮೆದುಳಿಗೆ ಹೋಗಿ ಕೂರುತ್ತದೆ, ಕಿವಿ ಕೇಳಿಸದೆ ಹೋಗಬಹುದು. ಎದೆಹಾಲು ಧಾರಾಳವಾಗಿ ಕೊಡಿ. ನೀವು ಏನೇ ಮಾತ್ರೆ ತೆಗೆದುಕೊಳ್ಳುವ ಮುಂಚೆ ಮಗುವಿಗೆ ಈ ಕೊರತೆ ಇದೆ ಅಂತ ಹೇಳಿ, ಯಾಕೆಂದರೆ ಕೆಲವು ಮಾತ್ರೆಗಳ ಅಂಶ ಹಾಲಿನಲ್ಲೂ ಹೋಗುತ್ತದೆ. ಲಸಿಕೆ ಯಾವುದನ್ನೂ ತಪ್ಪಿಸಬೇಡಿ. ಜ್ವರ ಬಂದರೆ ಡಾಕ್ಟರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು.

ಪ್ರಶ್ನೆ: ನನ್ನ ಮೊಮ್ಮಗಳು ಮುಂದಿನ ತಿಂಗಳು ಹೆರಿಗೆಗೆ ಬರುತ್ತಾಳೆ. ಅವಳ ತಮ್ಮನಿಗೆ ಈ ಜಿ6ಪಿಡಿ ಕಡಿಮೆ ಇದೆ. ಮಗುವಿನ ಬಟ್ಟೆ ಇಡುವ ಕಡೆ ನುಸಿ ಗುಳಿಗೆ ಇಡಬಾರದು ಅಂತ ಯಾರೋ ಹೇಳಿದರು. ನಾವು ಇಷ್ಟು ವರ್ಷ ಇಟ್ಟಿದ್ದೇವೆ, ಏನೂ ಆಗಿಲ್ಲ. ಇದು ನಿಜವೇ? (ಹಿರಿಯ ಓದುಗರು, ಚಿಕ್ಕಮಗಳೂರು)

ಉತ್ತರ: ನಿಜ ಅಜ್ಜಿ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ.

ನಾನು ಪ್ರಾಕ್ಟೀಸ್ ಶುರು ಮಾಡಿದ ಎರಡನೇ ವರ್ಷ. ಮಳೆಗಾಲ. ರಾತ್ರಿ ಒಂಬತ್ತಕ್ಕೆ ಒಂದು ಮಗುವನ್ನು ತಂದರು. ಹುಟ್ಟಿ 13 ದಿನ. ಹಿಂದಿನ ದಿನ ನಾಮಕರಣ ಆಗಿತ್ತು. ಅರಿಶಿನ ಹಚ್ಚಿದ್ದಾರೇನೋ ಅನ್ನುವಷ್ಟು ಹಳದಿ. ಮಗುವನ್ನು ಎತ್ತಿಕೊಂಡೆ, ಹೊದಿಸಿದ್ದ ಶಾಲಿನಿಂದ ಗಪ್ಪನೆ ವಾಸನೆ ಬಂತು. ಡಾಂಬರು ಗುಳಿಗೆಯ ವಾಸನೆ. ಸಾರ್ವಜನಿಕ ಮೂತ್ರಾಲಯದ ಬೇಸಿನ್ನಿನಲ್ಲಿ ಹಾಕುತ್ತಾರಲ್ಲ, ಅದೇ. ತೊಟ್ಟಿಲಿಗೆ ಹಾಕುವ ದಿನ ಅಂತ ಅಜ್ಜಿ ಟ್ರಂಕಿನ ತಳದಿಂದ ತಮ್ಮ ಮದುವೆಯ ಉಣ್ಣೆ ಶಾಲನ್ನು ತೆಗೆದಿದ್ದರು. ಬೆಳಿಗ್ಗೆ ಮಗುವಿಗೆ ಎಣ್ಣೆ ನೀರು ಹಾಕಿ, ಎಣ್ಣೆಯ ಮೈಗೆ ಅದೇ ಶಾಲು ಸುತ್ತಿ ಮಲಗಿಸಿದ್ದರು. ಎರಡು ದಿನವೂ ಅದೇ ಶಾಲು.

ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಮಗುವಿನ ರಕ್ತವನ್ನು ಸ್ವಲ್ಪ ಸ್ವಲ್ಪವೇ ತೆಗೆದು ಬೇರೆ ರಕ್ತ ಕೊಟ್ಟರು. ಮಗು ಉಳಿಯಿತು. ಎರಡು ವರ್ಷವಾದ ಮೇಲೆ ಗೊತ್ತಾಯಿತು, ಅದಕ್ಕೆ ಕಿವಿ ಕೇಳಿಸುತ್ತಿರಲಿಲ್ಲ. ಆ ಅಜ್ಜಿ ನನ್ನ ಮುಂದೆ ಕೂತು ‘ನಾನೇ ಹೊದಿಸಿದೆ ಡಾಕ್ಟ್ರಮ್ಮ’ ಅಂದರು. ನಾನು ಅವರ ಕೈ ಹಿಡಿದುಕೊಂಡೆ, ಏನು ಹೇಳಬೇಕು ಅಂತ ತಿಳಿಯಲಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ನಾವು ಡಾಕ್ಟರುಗಳು ಹೇಳಬೇಕಿತ್ತು. ಅಂದಿನಿಂದ ನನ್ನ ಹತ್ತಿರ ಬರುವ ಪ್ರತಿ ಬಸುರಿಯ ಮನೆಯವರಿಗೂ ಟ್ರಂಕಿನ ವಿಷಯ ಕೇಳುತ್ತೇನೆ.

ನುಸಿ ಗುಳಿಗೆಯಲ್ಲಿರುವುದು ನ್ಯಾಫ್ತಲೀನ್. ಅದು ಗಟ್ಟಿಯಾಗಿಯೇ ಇದ್ದು ನೇರವಾಗಿ ಆವಿಯಾಗುತ್ತದೆ, ಆ ಆವಿ ಉಣ್ಣೆಯ ಎಳೆ ಎಳೆಗೂ ಹಿಡಿದುಕೊಳ್ಳುತ್ತದೆ. ಮಗು ಅದನ್ನು ಉಸಿರಿನಲ್ಲಿ ಎಳೆದುಕೊಳ್ಳುತ್ತದೆ, ಚರ್ಮವೂ ಹೀರುತ್ತದೆ. ಎಣ್ಣೆ ಹಚ್ಚಿದ ಚರ್ಮ ಇನ್ನೂ ಜಾಸ್ತಿ ಹೀರುತ್ತದೆ, ಯಾಕೆಂದರೆ ನ್ಯಾಫ್ತಲೀನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ದೇಹದೊಳಗೆ ಹೋದ ಮೇಲೆ ಅದು ರೂಪ ಬದಲಿಸಿ ಕೆಂಪು ಕಣಗಳ ಮೇಲೆ ಬೀಳುತ್ತದೆ. ನಿಮ್ಮ ಮನೆಯಲ್ಲಿ ಇಷ್ಟು ವರ್ಷ ಏನೂ ಆಗಲಿಲ್ಲ ಅಂದರೆ ಆ ಮಕ್ಕಳಿಗೆ ಕಿಣ್ವ ಸಾಕಷ್ಟು ಇದ್ದಿರಬಹುದು, ಇಲ್ಲವೇ ಗುಳಿಗೆಯ ಆವಿ ಅಷ್ಟಾಗಿ ತಾಗಿರಲಿಕ್ಕಿಲ್ಲ. ಬರುವ ಮಗುವಿಗೆ ಹೇಗೋ ಗೊತ್ತಿಲ್ಲ. ಅದರ ಸೋದರಮಾವನಿಗೆ ಕೊರತೆ ಇದೆ ಅಂದಮೇಲೆ ಜಾಗ್ರತೆ ಬೇಕೇ ಬೇಕು.

ಮಗುವಿಗೆ ಹೊಸ ಹತ್ತಿ ಬಟ್ಟೆ, ಇಲ್ಲವಾದರೆ ದಿನಾ ಒಗೆದು ಬಳಸುವ ಹಳೆಯ ಮೆತ್ತನೆ ಸೀರೆ ಸಾಕು. ಟ್ರಂಕಿನ ಶಾಲು ಬೇಡ. ಒಂದು ದಿನ ಬಿಸಿಲಿಗೆ ಹಾಕಿದರೆ ವಾಸನೆ ಹೋಯಿತು ಅನ್ನಿಸುತ್ತದೆ, ಪೂರ್ತಿ ಹೋಗಿರುವುದಿಲ್ಲ. ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಈಗಲೇ ಆರಿಸಿ ಹೊರಗೆ ಹಾಕಿ. ಬಿಳಿ ಪೆಪ್ಪರಮಿಂಟ್ ಅಂತ ಬಾಯಿಗೆ ಹಾಕಿಕೊಂಡ ಮಕ್ಕಳನ್ನೂ ನೋಡಿದ್ದೇನೆ. ಗುಳಿಗೆಯ ಬದಲು ಒಣಗಿದ ಬೇವಿನೆಲೆಯ ಗಂಟು ಇಡಿ. ಕೂಸಿನ ಕೈಗೆ, ಕಾಲಿಗೆ ಮದರಂಗಿ ಹಚ್ಚುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನೂ ಬಿಡಿ. ಅದರ ಬಣ್ಣದ ಅಂಶವೂ ಇಂಥ ಮಕ್ಕಳ ಕಣಗಳನ್ನು ಒಡೆಯುತ್ತದೆ.

ಪ್ರಶ್ನೆ: ನನ್ನ ಮಗನ ಸಂಸಾರ ದುಬೈನಲ್ಲಿದೆ. ಮೊಮ್ಮಗನಿಗೆ 4 ವರ್ಷ, ಜಿ6ಪಿಡಿ ಕೊರತೆ. ‘ಬ್ರಾಡ್ ಬೀನ್ಸ್ ಕೊಡಲೇಬೇಡಿ’ ಅಂತ ಅಲ್ಲಿಯ ಡಾಕ್ಟರು ಹೇಳಿದ್ದಾರೆ. ಇಂಟರ್ನೆಟ್ಟಿನಲ್ಲಿ ನೋಡಿದರೆ ಬ್ರಾಡ್ ಬೀನ್ಸ್ ಅಂದರೆ ಅವರೆಕಾಯಿ ಅಂತಿದೆ. ಜನವರಿಯಲ್ಲಿ ಬರುತ್ತಿದ್ದಾರೆ. ಹಿತಕಿದ ಬೇಳೆ ಸಾರು ಮಾಡಬಾರದೇ? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಮಾಡಿ ಮೇಷ್ಟ್ರೇ, ಧಾರಾಳವಾಗಿ ಮಾಡಿ!

ಇದು ಹೆಸರಿನ ಗೊಂದಲ. ನಿಮ್ಮ ಊರಿನ ಮಾರ್ಕೆಟ್ಟಿನಲ್ಲಿ ರಾಶಿ ಹಾಕುವ ಸೊಗಡಿನ ಅವರೆಗೆ ಸಸ್ಯಶಾಸ್ತ್ರದಲ್ಲಿ ಲ್ಯಾಬ್‌ಲ್ಯಾಬ್ ಅಂತ ಹೆಸರು. ಅಪಾಯ ಇರುವ ಕಾಳು ಬೇರೆ, ವಿಸಿಯಾ ಫಾಬಾ. ಇಂಗ್ಲಿಷಿನಲ್ಲಿ ಫಾವಾ ಬೀನ್ಸ್ ಅಂತಲೂ ಬ್ರಾಡ್ ಬೀನ್ಸ್ ಅಂತಲೂ ಕರೆಯುತ್ತಾರೆ, ಉತ್ತರ ಭಾರತದಲ್ಲಿ ಬಾಕ್ಲಾ. ದಪ್ಪ ಕಾಯಿ, ಒಳಗೆ ಬಿಳಿ ತುಪ್ಪಳದ ಹಾಸು, ದೊಡ್ಡ ಚಪ್ಪಟೆ ಕಾಳು. ಅದರಲ್ಲಿ ವಿಸಿನ್, ಕಾನ್‌ವಿಸಿನ್ ಅನ್ನುವ ಎರಡು ಅಂಶಗಳಿವೆ. ಹೊಟ್ಟೆಯಲ್ಲಿ ಅವು ರೂಪ ಬದಲಿಸಿ ಕೆಂಪು ಕಣಗಳನ್ನು ಒಡೆಯುತ್ತವೆ. ಇದರಿಂದ ಬರುವ ತೊಂದರೆಗೆ ಫಾವಿಸಂ ಅಂತಲೇ ಹೆಸರಿದೆ. ಪ್ರಾಚೀನ ಗ್ರೀಸಿನ ಪೈಥಾಗೊರಸ್, ಶಾಲೆಯಲ್ಲಿ ನೀವು ಅವನ ಪ್ರಮೇಯ ಕಲಿಸಿರಬೇಕು, ತನ್ನ ಶಿಷ್ಯರಿಗೆ ಈ ಕಾಳನ್ನು ನಿಷೇಧಿಸಿದ್ದ ಅಂತ ಹೇಳುತ್ತಾರೆ.

ನಿಮ್ಮ ಮೊಮ್ಮಗನಿಗೆ ಅಪಾಯ ಜಾಸ್ತಿ ಇರುವುದು ಮೈಸೂರಿನಲ್ಲಲ್ಲ, ದುಬೈನಲ್ಲಿ. ಅಲ್ಲಿ ಬೆಳಗಿನ ತಿಂಡಿಗೆ ಫೂಲ್ ಅಂತ ತಿನ್ನುತ್ತಾರಲ್ಲ, ಅದು ಇದೇ ಕಾಳು. ಈಜಿಪ್ಟಿನವರು ಫಲಾಫೆಲ್ ಮಾಡುವುದೂ ಇದರಲ್ಲೇ. ಬೇರೆ ಕಡೆ ಕಡಲೆಕಾಳಿನಲ್ಲಿ ಮಾಡುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. ಹುರಿದ ಕಾಳಿನ ಮಿಕ್ಸ್‌ಚರ್ ಪೊಟ್ಟಣದಲ್ಲೂ ಇರುತ್ತದೆ. ಸ್ಕೂಲಿನ ಡಬ್ಬಿಯಲ್ಲಿ ಗೆಳೆಯರದ್ದು ಹಂಚಿಕೊಂಡು ತಿನ್ನುವ ವಯಸ್ಸು ಅದು. ಮಗನಿಗೆ ಹೇಳಿ ಟೀಚರಿಗೆ ಒಂದು ಚೀಟಿ ಬರೆದು ಕೊಡಲಿ.

ತೊಗರಿ, ಕಡಲೆ, ಹೆಸರು, ಅಲಸಂದೆ, ಬಟಾಣಿ, ಹುರುಳಿ, ಯಾವುದನ್ನೂ ನಿಲ್ಲಿಸಬೇಡಿ. ಎಲ್ಲಾ ಕಾಳು ನಿಲ್ಲಿಸಿ ಮಗು ಸೊರಗಿದ ಮನೆಗಳನ್ನು ನೋಡಿದ್ದೇನೆ, ನನಗೆ ತುಂಬಾ ಬೇಸರವಾಗುತ್ತದೆ. ಒಂದು ಮಾತು: ಹಾಗಲಕಾಯಿಯ ಬೀಜದಲ್ಲೂ ವಿಸಿನ್ ಇದೆ. ಹಾಗಲದ ಜ್ಯೂಸು, ಪುಡಿ ಕುಡಿಸುವ ಪ್ರಯೋಗ ಈ ಮಗುವಿನ ಮೇಲೆ ಬೇಡ.

ಪ್ರಶ್ನೆ: ನಾನು ಕಟ್ಟಡ ಕೆಲಸ ಮಾಡುವವನು. ಹಿಂದಿನ ವರ್ಷ ವೈವಾಕ್ಸ್ ಮಲೇರಿಯಾ ಬಂತು. ರಕ್ತದಲ್ಲಿರುವುದಕ್ಕೆ ಒಂದು ಮಾತ್ರೆ, ಮತ್ತೆ ಬರದಂತೆ 14 ದಿನದ ಇನ್ನೊಂದು ಮಾತ್ರೆ ಕೊಟ್ಟರು. ಮೂರನೇ ದಿನ ಮೂತ್ರ ಕೋಲಾ ಬಣ್ಣಕ್ಕೆ ಬಂತು, ಸೊಂಟ ನೋವು, ಮೆಟ್ಟಿಲು ಹತ್ತಲು ಆಗಲಿಲ್ಲ. ಮಾತ್ರೆ ನಿಲ್ಲಿಸಿದರು. ಆಗಲೇ ಜಿ6ಪಿಡಿ ಟೆಸ್ಟ್ ಮಾಡಿದರೆ ನಾರ್ಮಲ್ ಬಂತು. ಹಾಗಾದರೆ ಏನಾಯಿತು? (ಓದುಗರು, ಮಂಗಳೂರು)

ಉತ್ತರ: ನಾನು ಮಕ್ಕಳ ಡಾಕ್ಟರು, ಆದರೆ ನಿಮ್ಮ ಪತ್ರವನ್ನು ಬಿಟ್ಟುಬಿಡಲು ಮನಸ್ಸಾಗಲಿಲ್ಲ. ನಿಮ್ಮ ಟೆಸ್ಟನ್ನು ಇನ್ನೊಂದು ಸಲ ಮಾಡಿಸಲೇಬೇಕು.

ಕಾರಣ ಇದು. ಮಾತ್ರೆ ಮೊದಲು ಒಡೆಯುವುದು ವಯಸ್ಸಾದ ಕಣಗಳನ್ನು, ಬುತ್ತಿ ಖಾಲಿಯಾದ ಕಣಗಳನ್ನು. ಅವು ಒಡೆದು ಹೋದ ಮೇಲೆ ರಕ್ತದಲ್ಲಿ ಉಳಿಯುವುದು ಹೊಸ ಕಣಗಳು. ಮೂಳೆ ಮಜ್ಜೆಯೂ ಅವಸರದಲ್ಲಿ ಇನ್ನಷ್ಟು ಎಳೆಯ ಕಣಗಳನ್ನು ಹೊರಗೆ ಬಿಡುತ್ತದೆ. ಎಳೆಯ ಕಣದಲ್ಲಿ ಕಿಣ್ವ ಇನ್ನೂ ಇರುತ್ತದೆ. ಆ ಹೊತ್ತಿಗೆ ಅಳೆದರೆ ನಾರ್ಮಲ್ ಅಂತ ಬಂದುಬಿಡುತ್ತದೆ. ಜಗಳ ಮುಗಿದು ಪೆಟ್ಟು ತಿಂದವರೆಲ್ಲ ಮನೆಗೆ ಹೋದ ಮೇಲೆ ಬಂದು ನೋಡಿದ ಹಾಗೆ. ತೊಂದರೆಯಾಗಿ ಸುಮಾರು 3 ತಿಂಗಳು ಕಳೆದ ಮೇಲೆ ಮಾಡಿದ ಟೆಸ್ಟೇ ನಂಬಿಕೆಗೆ ಯೋಗ್ಯ. ನಿಮಗೆ ಆಗಲೇ ವರ್ಷ ಆಗಿದೆ, ಈಗ ಮಾಡಿಸಿ.

ಆ 14 ದಿನದ ಮಾತ್ರೆಯ ಹೆಸರು ಪ್ರೈಮಾಕ್ವಿನ್ ಇರಬೇಕು. ವೈವಾಕ್ಸ್ ಮಲೇರಿಯಾದ ಪರಾವಲಂಬಿ ಪಿತ್ತಜನಕಾಂಗದಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಅದನ್ನು ಕೊಲ್ಲಲು ಈ ಜಾತಿಯ ಮಾತ್ರೆಯೇ ಬೇಕು. ಜಿ6ಪಿಡಿಯ ಕಥೆ ಶುರುವಾಗಿದ್ದೂ ಈ ಮಾತ್ರೆಯಿಂದಲೇ. ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನಲ್ಲಿ ಕೈದಿಗಳ ಮೇಲೆ ಮಲೇರಿಯಾ ಮಾತ್ರೆಗಳ ಪ್ರಯೋಗ ನಡೆಯುತ್ತಿತ್ತು. ಪ್ರೈಮಾಕ್ವಿನ್ ಕೊಟ್ಟಾಗ ಕೆಲವರಿಗೆ ಮಾತ್ರ ನಿಮಗಾದ ಹಾಗೇ ಆಗುತ್ತಿತ್ತು. ಅಂಥವರ ಕೆಂಪು ಕಣಗಳಿಗೆ ಗುರುತು ಹಾಕಿ ಬೇರೆಯವರ ದೇಹಕ್ಕೆ ಕೊಟ್ಟು ನೋಡಿದರು. ಪ್ರೈಮಾಕ್ವಿನ್ ಕೊಟ್ಟಾಗ ಅಲ್ಲೂ ಆ ಕಣಗಳೇ ಒಡೆದವು, ಪಕ್ಕದ ಕಣಗಳಿಗೆ ಏನೂ ಆಗಲಿಲ್ಲ. ಅಂದರೆ ಕೊರತೆ ಇರುವುದು ಕಣದೊಳಗೇ ಅಂತ ಖಚಿತವಾಯಿತು. 1956ರಲ್ಲಿ ಪಾಲ್ ಕಾರ್ಸನ್ ಮತ್ತು ಜೊತೆಗಾರರು ಆ ಕೊರತೆ ಜಿ6ಪಿಡಿ ಅಂತ ಕಂಡುಹಿಡಿದರು. ಸೆರೆಯಲ್ಲಿದ್ದವರು ‘ಒಪ್ಪಿದ್ದೇವೆ’ ಅಂದರೆ ಅದು ನಿಜವಾದ ಒಪ್ಪಿಗೆಯಾ ಅನ್ನುವುದು ನನ್ನನ್ನು ಯಾವಾಗಲೂ ಕಾಡುತ್ತದೆ. ಇವತ್ತು ನಾವು ಒಂದು ಸರಳ ಟೆಸ್ಟ್ ಮಾಡಿ ಜೀವ ಉಳಿಸುತ್ತೇವೆ ಅಂದರೆ ಅದರಲ್ಲಿ ಅವರ ರಕ್ತದ ಋಣ ಇದೆ.

ಮತ್ತೆ ವೈವಾಕ್ಸ್ ಬಂದರೆ ದಾರಿ ಇಲ್ಲ ಅಂತಲ್ಲ. ಕೊರತೆ ಇರುವವರಿಗೆ ಪ್ರೈಮಾಕ್ವಿನ್ನನ್ನು ವಾರಕ್ಕೆ ಒಂದೇ ಸಲದಂತೆ 8 ವಾರ, ಡಾಕ್ಟರ ಕಣ್ಣೆದುರು ಕೊಡುವ ಪದ್ಧತಿ ಇದೆ. ಮುಂದೆ ಯಾವ ಆಸ್ಪತ್ರೆಗೆ ಹೋದರೂ, ಬಾಯಿ ತೆರೆದ ಕೂಡಲೇ ಈ ಮೂರನೇ ದಿನದ ಕಥೆ ಹೇಳಿ. ಕುಷ್ಠರೋಗಕ್ಕೆ ಕೊಡುವ ಡ್ಯಾಪ್‌ಸೋನ್, ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟಾಯಿನ್ ಕೂಡ ನಿಮಗೆ ಆಗದೇ ಇರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗುವುದನ್ನು ಬಿಟ್ಟುಬಿಡಿ.

ಪ್ರಶ್ನೆ: ನನಗೂ ಜಿ6ಪಿಡಿ ಕಡಿಮೆ ಅಂತ ಬಂದಿದೆ. ಮದುವೆ ಹತ್ತಿರ ಇದೆ. ಮುಖಕ್ಕೆ ಕಳೆ ಬರಲು ಪಾರ್ಲರಿನಲ್ಲಿ ಗ್ಲುಟಾಥಯಾನ್ ಮತ್ತು ವಿಟಮಿನ್ ಸಿ ಡ್ರಿಪ್ ಹಾಕುತ್ತಾರಂತೆ. ಗ್ಲುಟಾಥಯಾನ್ ನನಗೆ ಒಳ್ಳೆಯದೇ ಅಲ್ವಾ? (ಓದುಗರು, ಬೆಂಗಳೂರು)

ಉತ್ತರ: ಬೇಡಮ್ಮ. ಖಂಡಿತ ಬೇಡ. ನಿಮ್ಮ ಕೊರತೆ ಗ್ಲುಟಾಥಯಾನನ್ನು ಚಾರ್ಜ್ ಮಾಡುವ ಕಿಣ್ವದ್ದು. ರಕ್ತನಾಳಕ್ಕೆ ನೇರವಾಗಿ ಸುರಿಯುವ ಭಾರೀ ಪ್ರಮಾಣದ ವಿಟಮಿನ್ ಸಿ ಈ ಕೊರತೆ ಇರುವವರ ಕಣಗಳನ್ನು ಒಡೆದು ಪ್ರಾಣಕ್ಕೇ ಕುತ್ತು ತರಬಹುದು. ನಿಂಬೆಹಣ್ಣು, ನೆಲ್ಲಿಕಾಯಿ ತಿನ್ನಿ, ಅದಕ್ಕೆ ಭಯವಿಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ ವರ ಸೋದರಮಾವ ಅಂತ ಬರೆದಿದ್ದೀರಿ. ಹಾಗಾಗಿ ಇದನ್ನೂ ಹೇಳಬೇಕು. ಹೆಣ್ಣುಮಕ್ಕಳಿಗೆ ಎರಡು ಎಕ್ಸ್ ಇರುತ್ತವೆ, ಒಂದರಲ್ಲಿ ಕೊರತೆ ಇದ್ದರೆ ಅರ್ಧದಷ್ಟು ಕಣಗಳು ಗಟ್ಟಿ, ಅರ್ಧ ನಾಜೂಕು. ಕೆಲವರಲ್ಲಿ ನಾಜೂಕಿನ ಪಾಲು ಜಾಸ್ತಿ ಇರುತ್ತದೆ. ನಿಮ್ಮ ಕೊರತೆ ತಾಯಿಯ ಕಡೆಯಿಂದ ಬಂದಿದ್ದರೆ ನಿಮ್ಮ ಮಾವನಲ್ಲೂ ಇರಬಹುದು. ಇಬ್ಬರಲ್ಲೂ ಇದ್ದರೆ ಹುಟ್ಟುವ ಹೆಣ್ಣುಮಕ್ಕಳಿಗೆ ಎರಡೂ ಎಕ್ಸ್‌ನಲ್ಲಿ ಕೊರತೆ ಬರುವ ಸಾಧ್ಯತೆ ಇದೆ. ಹಾಗಾಗಿ ಮಾವನಿಗೂ ಒಂದು ಟೆಸ್ಟ್ ಮಾಡಿಸಿ. ಹತ್ತಿರದ ಸಂಬಂಧದಲ್ಲಿ ಬೇರೆ ಕಾಯಿಲೆಗಳ ವಿಷಯವೂ ಇರುವುದರಿಂದ ಮದುವೆಗೆ ಮುಂಚೆ ಇಬ್ಬರೂ ಒಟ್ಟಿಗೆ ಜೆನೆಟಿಕ್ ಸಲಹೆಗೆ ಹೋಗಿ.

ಪ್ರಶ್ನೆ: ಜಿ6ಪಿಡಿ ಕಡಿಮೆ ಇದ್ದವರಿಗೆ ಸ್ಟ್ರೆಸ್ ಆಗಬಾರದು ಅಂತ ಓದಿದೆ. ನನ್ನ ಮಗ ಪಿಯುಸಿ ಎರಡನೇ ವರ್ಷ. ಪರೀಕ್ಷೆಯ ಟೆನ್ಷನ್‌ನಿಂದ ರಕ್ತ ಒಡೆಯುತ್ತಾ? (ಓದುಗರು, ಹುಬ್ಬಳ್ಳಿ)

ಉತ್ತರ: ಇಲ್ಲ. ನೀವು ಓದಿದ್ದು ಆಕ್ಸಿಡೇಟಿವ್ ಸ್ಟ್ರೆಸ್, ಕಣದೊಳಗಿನ ತುಕ್ಕು. ಮನಸ್ಸಿನ ಟೆನ್ಷನ್ ಬೇರೆ. ಓದಲಿ ಬಿಡಿ. ಜ್ವರ ಬಂದಾಗ ಮಾತ್ರ ಸುಮ್ನೆ ‘ಪರೀಕ್ಷೆ ಮುಗಿಯಲಿ’ ಅಂತ ತಳ್ಳಬೇಡಿ. ಸೋಂಕೇ ಇವರಿಗೆ ತುಂಬಾ ಸಲ ತೊಂದರೆ ತರುವುದು. ಬಾತ್‌ರೂಮಿಗೆ ಹೋದಾಗ ಮೂತ್ರದ ಬಣ್ಣ ನೋಡಿಕೊಳ್ಳಲು ಅವನಿಗೇ ಹೇಳಿಕೊಡಿ, 17 ವರ್ಷದ ಹುಡುಗ, ಅರ್ಥ ಮಾಡಿಕೊಳ್ಳುತ್ತಾನೆ. ಆಧಾರ್ ಕಾರ್ಡಿನ ಅಳತೆಯ ಒಂದು ರಟ್ಟಿನ ಮೇಲೆ ‘ಜಿ6ಪಿಡಿ ಕೊರತೆ ಇದೆ’ ಅಂತ ದಪ್ಪ ಅಕ್ಷರದಲ್ಲಿ ಬರೆದು, ಹಿಂಬದಿಗೆ ಆಗದ ಮಾತ್ರೆಗಳ ಹೆಸರು, ನಿಮ್ಮ ಫೋನ್ ನಂಬರ್ ಹಾಕಿ, ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿಡಿ. ಮುಂದಿನ ವರ್ಷ ಹಾಸ್ಟೆಲಿಗೆ ಹೋಗುವಾಗ ವಾರ್ಡನ್‌ಗೂ ಒಂದು ಪ್ರತಿ ಕೊಡಿ. ಅವನ ಬೀರುವಿನಲ್ಲಿ ಯಾರೂ ನುಸಿ ಗುಳಿಗೆ ಹಾಕದಂತೆ ನೋಡಿಕೊಳ್ಳಿ.